ಹಲಗೆಯಾಚೆಯ ಹಾಜರಿ

"ಈ ಐದರಲ್ಲಿ ಮೊದಲನೆಯದು ಯಾರಿಗೆ ಇಲ್ಲವೋ ಅವರು ಎದ್ದು ನಿಲ್ಲಿ."

ಕ್ಯಾಲ್ಕುಲಸ್ ಕಲಿಸಲು ಹೊಸದಾಗಿ ಬಂದಿದ್ದ ಟ್ಯೂಟರ್ ತ್ರ್ಯಂಬಕ, ಸೀಮೆಸುಣ್ಣದ ಕೈ ಕೊಡವಿಕೊಂಡು ವರ್ಗದ ಕಡೆ ತಿರುಗಿದ.

ಕರಿಹಲಗೆಯ ಮೇಲೆ ಐದು ಸಾಲು ಬರೆದಿದ್ದ. ಮೆಟ್ರಿಕ್‌ನಲ್ಲಿ ಬೀಜಗಣಿತ, ರೇಖಾಗಣಿತ ಪಾಸಾಗಿರಬೇಕು. ನಾಲ್ಕರಲ್ಲಿ ಮೂರು ಪಾಲು ಹಾಜರಿ ಇರಬೇಕು, ಇಲ್ಲವಾದರೆ ಪರೀಕ್ಷೆಯ ಫಾರ್ಮು ಸಿಗದು. ಪ್ರತಿ ಸೋಮವಾರ ಸ್ವತಃ ಬಿಡಿಸಿದ ಲೆಕ್ಕ ತೋರಿಸಬೇಕು. ಕರೆದಾಗ ಹಲಗೆಯ ಮುಂದೆ ಬರಬೇಕು. ಅರ್ಥವಾಗದಿದ್ದರೆ ಅಂದೇ ಕೇಳಬೇಕು.

ನಲವತ್ತು ಹುಡುಗರು ಕದಲಲಿಲ್ಲ. ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ಹುಡುಗಿ ಎದ್ದು ನಿಂತಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಬೀಜಗಣಿತ ಎಷ್ಟು ಬರುತ್ತದೆ?" ಅವನು ಕೇಳಿದ.

"ಎಂತದೂ ಬರೂದಿಲ್ಲ ಸರ್. ನಮ್ಮ ಹೆಣ್ಮಕ್ಕಳ ಶಾಲೆಲಿ ಅದ್ರ ಬದ್ಲಿಗೆ ಹೊಲಿಗೆ ಇಟ್ಟಿದ್ರು."

ಈಗ ಇಡೀ ವರ್ಗ ನಕ್ಕಿತು. ಅವಳು ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಸೆರಗಿನ ತುದಿಯನ್ನು ಹಿಡಿದಿದ್ದ ಬೆರಳುಗಳು ಮಾತ್ರ ಬೆಳ್ಳಗಾಗಿದ್ದವು.

"ಹಾಗಾದರೆ ತರ್ಕಶಾಸ್ತ್ರ ತೆಗೆದುಕೊಳ್ಳಬಹುದಲ್ಲ? ಉಳಿದ ಇಬ್ಬರು ಹುಡುಗಿಯರೂ ಅಲ್ಲೇ ಇದ್ದಾರೆ."

"ನಂಗೆ ಇದೇ ಬೇಕು ಸರ್."

ಆ ಒಂದು ಮಾತಿನಲ್ಲಿ ಎಷ್ಟು ಹಟವಿತ್ತೋ ಅಷ್ಟೇ ಬೇಡಿಕೆಯೂ ಇತ್ತು. ತ್ರ್ಯಂಬಕ ಒಂದು ಕ್ಷಣ ಅವಳನ್ನೇ ನೋಡಿದ. ಮರುಕ್ಷಣ, ನೋಡಿದ್ದು ತಪ್ಪಾಯಿತೆಂಬಂತೆ ಹಾಜರಿ ಪುಸ್ತಕ ತೆರೆದ.

"ಚೌತಿಯವರೆಗೆ ಸಮಯ. ಅಷ್ಟರಲ್ಲಿ ಕಲಿತು ಬಂದರೆ ಇರಿ. ನಂಬರ್ ಮೂವತ್ತೊಂದು, ಅಲ್ಲವೇ? ಕೂತುಕೊಳ್ಳಿ."

1948ರ ಜೂನ್ ತಿಂಗಳು. ಕುಮಟೆಯಲ್ಲಿ ಹತ್ತಿ ತುಂಬಿಡುತ್ತಿದ್ದ ಹಳೆಯ ವಖಾರಿಯೊಂದಕ್ಕೆ ಮರದ ಹಲಗೆಯ ಗೋಡೆಗಳನ್ನು ಬಡಿದು ಕಾಲೇಜು ಮಾಡಿದ್ದರು. ಹೆಸರು ದೊಡ್ಡದು, ಕೋಣೆಗಳು ಸಣ್ಣವು. ಒಂದು ಕೋಣೆಯಲ್ಲಿ ಕೆಮ್ಮಿದರೆ ಮೂರು ಕೋಣೆಗೆ ಕೇಳುತ್ತಿತ್ತು.

ಮೂವತ್ತೊಂದನೆಯ ನಂಬರಿನ ದುರ್ಗಿ ಕಾಸರಕೋಡದವಳು. ಅಪ್ಪ ದಾಸ, ಶರಾವತಿಯ ಆ ದಡದಿಂದ ಹೊನ್ನಾವರಕ್ಕೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದ. ದುರ್ಗಿಗೆ ಇಪ್ಪತ್ತೆರಡು ವರ್ಷ. ನಾಲ್ಕು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಲೇ ಖಾಸಗಿಯಾಗಿ ಮೆಟ್ರಿಕ್ ಮುಗಿಸಿದ್ದಳು. ಗಣಿತದಲ್ಲಿ ಬಿ.ಎ. ಮಾಡಬೇಕು, ಹೊಲಿಗೆಯ ಬದಲು ಬೀಜಗಣಿತವನ್ನು ಹೆಣ್ಣುಮಕ್ಕಳಿಗೆ ತಾನೇ ಕಲಿಸಬೇಕು... ಇಷ್ಟೇ ಅವಳ ಆಸೆ. ಶಾಲಾ ಬೋರ್ಡಿನವರು ಸಂಬಳವಿಲ್ಲದ ಒಂದು ವರ್ಷದ ರಜೆ ಕೊಟ್ಟಿದ್ದರು.

ಅಪ್ಪನೂ ಒಂದೇ ವರ್ಷ ಕೊಟ್ಟಿದ್ದ.

"ಪಾಸಾದ್ರೆ ಮುಂದೆ ಓದು ಮಗಾ, ನಾ ಅಡ್ಡ ಬರೂದಿಲ್ಲ. ಆಗ್ದಿದ್ರೆ ಭಟ್ಕಳದವ್ರಿಗೆ ಮಾತು ಕೊಡ್ತೆ. ಅವ್ರೂ ಎಷ್ಟು ದಿನ ಕಾಯ್ತ್ರು?"

"ಆತು ಅಪ್ಪ," ಎಂದಿದ್ದಳು. ಭಟ್ಕಳದ ಗಂಡಿಗೆ ಸ್ವಂತ ದೋಣಿಯಿತ್ತು, ಒಳ್ಳೆಯವನೆಂಬ ಹೆಸರಿತ್ತು. ಬೇಡವೆನ್ನಲು ಅವಳ ಬಳಿ ಕ್ಯಾಲ್ಕುಲಸ್ ಒಂದನ್ನು ಬಿಟ್ಟು ಬೇರೆ ಕಾರಣವಿರಲಿಲ್ಲ.

ಕಾಲೇಜಿನ ಕಸ ಗುಡಿಸುತ್ತಿದ್ದ ಸಣ್ಣಮ್ಮನ ಮನೆಯಲ್ಲಿ ಒಂದು ಮೂಲೆ ಹಿಡಿದು ದುರ್ಗಿ ಬೀಜಗಣಿತಕ್ಕೆ ಕೂತಳು. ಅಕ್ಕಿ ಆರಿಸುತ್ತ ಸಮೀಕರಣ, ನೀರು ಸೇದುತ್ತ ಸಮೀಕರಣ. ಪ್ರತಿ ಸೋಮವಾರ ಅವಳ ಪುಸ್ತಕ ತ್ರ್ಯಂಬಕನ ಮೇಜಿಗೆ ಹೋಗಿ, ಮರುದಿನ ಕೆಂಪು ಶಾಯಿ ತುಂಬಿಕೊಂಡು ಮರಳುತ್ತಿತ್ತು.

ಮೊದಮೊದಲು "ತಪ್ಪು" ಎಂದಷ್ಟೇ ಇರುತ್ತಿತ್ತು. ಆಮೇಲೆ "ಇಲ್ಲಿ ಅವಸರ ಮಾಡಿದಿರಿ". ಆಗಸ್ಟ್ ಹೊತ್ತಿಗೆ "ಈ ದಾರಿ ನನ್ನದಕ್ಕಿಂತ ಚೆನ್ನಾಗಿದೆ". ಆ ಸಾಲನ್ನು ಅವಳು ಎಷ್ಟು ಸಲ ಓದಿದಳೆಂದು ಹೇಳಿದರೆ ನೀವು ನಗುತ್ತೀರಿ. ಬಿಡಿ.

ಚೌತಿಯ ಹಿಂದಿನ ದಿನ ಅವನು ಅವಳನ್ನು ಕರಿಹಲಗೆಗೆ ಕರೆದ. ಮುಕ್ಕಾಲು ಗಂಟೆ ಬಿಡದೆ ಕೇಳಿದ. ಕೊನೆಗೆ, "ಮೂವತ್ತೊಂದನೆಯವರು ವರ್ಗದಲ್ಲಿ ಇರುತ್ತಾರೆ," ಎಂದ. ಈ ಸಲ ಯಾರೂ ನಗಲಿಲ್ಲ.

ಅವನ ಮನಸ್ಸು ಜಾರಿದ್ದು ಮಾತ್ರ ಅಕ್ಟೋಬರದಲ್ಲಿ. ಏರುತ್ತ ಹೋದದ್ದು ಇಳಿಯಲು ತಿರುಗುವ ಜಾಗದಲ್ಲಿ ಬದಲಾವಣೆಯ ವೇಗ ಸೊನ್ನೆ ಎಂದು ಬರೆದು, ಯಾಕೆ ಎಂದು ಕೇಳಿದ್ದ.

"ಭರತದ ನೀರು ಹಾಗೇ ಅಲ್ದಾ ಸರ್?" ಎಂದಳು ದುರ್ಗಿ. "ಸಮುದ್ರದ ನೀರು ಹೊಳೆಯೊಳಗೆ ಏರ್ತ ಬರ್ತದೆ. ಏರೂದು ಮುಗ್ದು ಇಳಿಯೂಕೆ ಸುರು ಆಗೂ ಮೊದ್ಲು ಒಂದು ಗಳಿಗೆ ಅಲ್ಲಾಡೂದಿಲ್ಲ. ನಮ್ಮಪ್ಪ ಭಾರದ ದೋಣಿ ಆಗ್ಲೇ ಬಿಡೂದು."

ತ್ರ್ಯಂಬಕ ಗೋಕರ್ಣದ ಪೂಜೆಯ ಮನೆತನದವನು. ಮುಂಬಯಿಯಲ್ಲಿ ಓದಿ ಬಂದವನು.

"ನಾನು ಸಮುದ್ರದ ದಂಡೆಯಲ್ಲೇ ಹುಟ್ಟಿದೆ," ಎಂದ ಮೆಲ್ಲಗೆ. "ಇದು ನನಗೆ ಹೊಳೆಯಲಿಲ್ಲ."

ನಲವತ್ತು ಹುಡುಗರೂ ಆ ದನಿಯನ್ನು ಕೇಳಿಸಿಕೊಂಡರು. ದನಿ ಅಷ್ಟು ಮೆತ್ತಗಾದರೆ ಯಾರಿಗೆ ತಿಳಿಯುವುದಿಲ್ಲ?

ದೀಪಾವಳಿ ರಜೆಯ ಮುನ್ನಾದಿನ ತ್ರ್ಯಂಬಕ ವರ್ಗಕ್ಕೆ ಬಂದಾಗ ಕರಿಹಲಗೆಯ ಮೇಲೆ ಎರಡು ಹೆಸರುಗಳಿದ್ದವು. ಅವನದು, ಅವಳದು, ನಡುವೆ ಒಂದು ಕೂಡಿಸುವ ಗುರುತು. ಅವನ ಮುಖ ಕೆಂಪಾಯಿತು. ಎರಡನ್ನೂ ಒರೆಸಿದ. ಆ ಗಂಟೆಯಿಡೀ ಮುಂದಿನ ಬೆಂಚಿನ ಕಡೆ ನೋಡಲಿಲ್ಲ.

ದುರ್ಗಿ ಪುಸ್ತಕದಿಂದ ತಲೆ ಎತ್ತದೆ ಕೂತಿದ್ದಳು. 'ನಾಚಿಕೆಯಾತು ಅವ್ರಿಗೆ. ನನ್ನ ಹೆಸರಿನ ಪಕ್ಕ ಅವ್ರ ಹೆಸರು ಕಂಡು ಅವ್ರಿಗೆ ನಾಚಿಕೆಯಾತು...'

ಅಲ್ಲಿಂದ ಎಲ್ಲವೂ ಕೆಟ್ಟಿತು.

ಆ ಕಾಲೇಜಿನಲ್ಲಿ ಹುಡುಗಿಯರು ತಾವಾಗಿಯೇ ವರ್ಗಕ್ಕೆ ಹೋಗುವಂತಿರಲಿಲ್ಲ. ಮಹಿಳೆಯರ ಕೋಣೆಯಲ್ಲಿ ಕೂತಿರಬೇಕು. ಅಧ್ಯಾಪಕರು ಬಾಗಿಲ ಬಳಿ ಬಂದು ಕರೆಯಬೇಕು. ಅವರ ಹಿಂದೆ ಹೋಗಿ, ಅವರ ಹಿಂದೆಯೇ ಹೊರಬರಬೇಕು. ಹಾಗೆಂದು ಪ್ರಿನ್ಸಿಪಾಲರು ಸಹಿ ಮಾಡಿದ ಕಾಗದವೊಂದನ್ನು ಅಂಟಿಸಿದ್ದರು. ಎಲ್ಲಿ? ಮಹಿಳೆಯರ ಕೋಣೆಯ ಒಳಗೋಡೆಯ ಮೇಲೆ. ಯಾವ ಗಂಡಸೂ ಕಾಲಿಡದ ಜಾಗದಲ್ಲಿ.

ದೀಪಾವಳಿಯವರೆಗಿನ ಮೊದಲ ಅವಧಿಯಲ್ಲಿ ತೊಂದರೆಯೇ ಆಗಲಿಲ್ಲ. ಕ್ಯಾಲ್ಕುಲಸ್‌ಗೆ ಮೊದಲು ಅದೇ ಕೋಣೆಯಲ್ಲಿ ಇಂಗ್ಲಿಷ್ ಇತ್ತು. ಮುದುಕ ಪ್ರೊಫೆಸರರು ಅವಳನ್ನು ಕರೆತಂದು ಕೂರಿಸಿ, ಗಂಟೆಯಾದಾಗ, "ಇಲ್ಲೇ ಇರಮ್ಮ, ಮುಂದಿನದೂ ಇಲ್ಲೇ," ಎಂದು ಹೋಗುತ್ತಿದ್ದರು. ತ್ರ್ಯಂಬಕ ಬರುವಾಗ ಅವಳು ಬೆಂಚಿನಲ್ಲಿ ಇದ್ದೇ ಇರುತ್ತಿದ್ದಳು. ಅವನು ಓದಿದ ಮುಂಬಯಿಯಲ್ಲಿ ಹುಡುಗಿಯರು ತಾವೇ ನಡೆದು ಬರುತ್ತಿದ್ದರು. ಇಲ್ಲಿ ಕರೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ದೀಪಾವಳಿ ಕಳೆದ ಮೇಲೆ ವೇಳಾಪಟ್ಟಿ ಬದಲಾಯಿತು. ಕ್ಯಾಲ್ಕುಲಸ್ ದಿನದ ಮೊದಲ ಗಂಟೆಯಾಯಿತು.

ದುರ್ಗಿ ಮಹಿಳೆಯರ ಕೋಣೆಯಲ್ಲಿ ಕೂತು ಕಾದಳು. ಹಲಗೆಯ ಗೋಡೆಯಾಚೆ ಅವನ ಹೆಜ್ಜೆ ಕೇಳಿತು, ಬಾಗಿಲು ದಾಟಿ ನೇರ ಹೋಯಿತು. ಹಾಜರಿ ಶುರುವಾಯಿತು.

"ಮೂವತ್ತು."

"ಯಸ್ ಸರ್."

"ಮೂವತ್ತೊಂದು."

ಸದ್ದಿಲ್ಲ.

"ಮೂವತ್ತೊಂದು..."

ದುರ್ಗಿಯ ತುಟಿ ಅಲುಗಿತು. ದನಿ ಬರಲಿಲ್ಲ.

'ಮರೆತಿರ್ಬೇಕು,' ಅಂದುಕೊಂಡಳು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅವಳು ತಿಳಿದಳು. ಆ ಎರಡು ಹೆಸರು ಕಂಡ ಮೇಲೆ ಅವನಿಗೆ ತನ್ನನ್ನು ಕರೆಯಲು ಬರುವುದೇ ಅವಮಾನ. ಬಾಯಿಬಿಟ್ಟು ಹೋಗೆನ್ನಲಾರ, ಕರೆಯದೆ ಹೊರಗಿಟ್ಟಿದ್ದಾನೆ.

ಗೋಡೆಯ ಆ ಬದಿಯಲ್ಲಿ ಅವನೂ ಅಷ್ಟೇ ಬುದ್ಧಿವಂತ. ಹೆಸರು ಕೆಟ್ಟೀತೆಂದು ಹೆದರಿ ಅವಳು ವರ್ಗ ಬಿಟ್ಟಿದ್ದಾಳೆ, ನಾನು ಹುಡುಕಿಕೊಂಡು ಹೋದರೆ ಇನ್ನಷ್ಟು ಕೆಡುತ್ತದೆ, ಅಂದುಕೊಂಡ. ದಿನಾ ಎರಡು ಸಲ ಅವಳ ನಂಬರು ಕರೆದ. ದಿನಾ ಗೈರು ಬರೆದ.

ಹುಡುಗರಿಗೆ ತಾವು ಬರೆದದ್ದರ ಅಳುಕು. ಅವರೂ ಸುಮ್ಮನಿದ್ದರು.

"ನಾ ಹೋಗಿ ಮಾಸ್ತರ್ರ ಹತ್ರ ಕೇಳ್ತೆ," ಎಂದಳು ಸಣ್ಣಮ್ಮ ಒಂದು ದಿನ.

ದುರ್ಗಿ ಅವಳ ಕೈ ಹಿಡಿದಳು. "ಬೇಡ ಸಣ್ಣಮ್ಮಾ. ನನ್ನಾಣೆ. ಬೇಡಿ ಕರೆಸ್ಕೊಂಡ್ಲು ಅಂತ ಇನ್ನೊಂದು ಮಾತು ಹುಟ್ಟೂದು ಬೇಡ."

"ಮತ್ತೆ ಹೀಂಗೆ ಕೂತ್ರೆ ಪಾಠ?"

ಪಾಠವೇ? ಸೋಮವಾರದ ಲೆಕ್ಕ ಕಳಿಸುವುದನ್ನು ನಿಲ್ಲಿಸಿದ್ದಳು, ಪಾಠ ಬಿಟ್ಟಿರಲಿಲ್ಲ. ಹಲಗೆಯ ಗೋಡೆಗೆ ಬೆನ್ನು ಕೊಟ್ಟು ಕೂತು, ಅದರಾಚೆ ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. "ಈ ಚಿತ್ರ ನೋಡಿ" ಎಂದು ಅವನು ಹೇಳಿದಾಗ ಚಿತ್ರ ಕಾಣದು. ಅಲ್ಲಿ ಒಂದು ಚೌಕ ಹಾಕಿ ಖಾಲಿ ಬಿಡುತ್ತಿದ್ದಳು. ನವೆಂಬರ್, ಡಿಸೆಂಬರ್, ಜನವರಿ... ಅವಳ ಪುಸ್ತಕದ ತುಂಬ ಖಾಲಿ ಚೌಕಗಳು.

ಫೆಬ್ರವರಿಯ ಮೊದಲ ವಾರ ಸೂಚನಾ ಫಲಕದ ಮೇಲೆ ಪಟ್ಟಿ ಬಂತು. ಹಾಜರಿ ಸಾಲದೆ ಪರೀಕ್ಷೆಯ ಫಾರ್ಮು ಸಿಗದವರು. ಒಂದೇ ಹೆಸರಿತ್ತು. ದುರ್ಗಾ ದಾಸ ಹರಿಕಂತ್ರ. ಕೆಳಗೆ ತ್ರ್ಯಂಬಕನ ಸಹಿ.

ಅವತ್ತು ದುರ್ಗಿ ಯಾರಿಗೂ ಕಾಯಲಿಲ್ಲ. ಹಾಜರಿ ನಡೆಯುತ್ತಿದ್ದಾಗ ಒಬ್ಬಳೇ ವರ್ಗದೊಳಗೆ ನಡೆದು ಬಂದು ಮೇಜಿನ ಮುಂದೆ ನಿಂತಳು. ನಲವತ್ತು ತಲೆ ಒಟ್ಟಿಗೇ ಎದ್ದವು.

ತ್ರ್ಯಂಬಕನ ಕೈಯ ಪೆನ್ನು ನಿಂತಿತು. "ನೀವು... ಬಂದಿರಾ?"

"ನಾ ಹೋಗಿದ್ದೆಲ್ಲಿ ಸರ್? ದಿನಾ ಇಲ್ಲೇ ಇದ್ದೆ." ಅವಳು ಹಲಗೆಯ ಗೋಡೆ ತೋರಿಸಿದಳು. "ಅದ್ರ ಆಚೆಗೆ. ನೀವು ಎರಡೆರಡು ಸಲ ನನ್ನ ನಂಬರ ಕರ್ದದ್ದು ಕೇಳ್ತಿತ್ತು. ನೀವೇ ಕರೆಯೂಕೆ ಬರ್ಲಿಲ್ಲ, ನೀವೇ ಗೈರು ಬರೆದ್ರಿ. ನಾ ಬೇಡ ಅಂದಿದ್ರೆ ಒಂದು ಮಾತು ಹೇಳ್ಬಹುದಿತ್ತು."

"ಕರೆಯಲು ಎಲ್ಲಿಗೆ ಬರಬೇಕಿತ್ತು?"

ಅವನ ಮುಖದಲ್ಲಿದ್ದ ದಿಗಿಲು ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಯಿತು. ಗೋಡೆಯತ್ತ ಚಾಚಿದ್ದ ಕೈಯನ್ನು ಕೆಳಗಿಳಿಸಿದಳು.

ಬಾಗಿಲಲ್ಲಿ ಸಣ್ಣಮ್ಮ ನಿಂತಿದ್ದಳು. ಒಳಗೋಡೆಯಿಂದ ಕಿತ್ತು ತಂದ ಕಾಗದ ಅವಳ ಕೈಯಲ್ಲಿತ್ತು. ತ್ರ್ಯಂಬಕ ಅದನ್ನು ಓದಿದ. ಆಮೇಲೆ ದುರ್ಗಿಯ ಪುಸ್ತಕವನ್ನು ಕೇಳಿ ತೆಗೆದುಕೊಂಡು ಪುಟ ತಿರುವಿದ. ತಾನು ಆಡಿದ ಮಾತೆಲ್ಲ ಅಲ್ಲಿತ್ತು. ತಾನು ಅರ್ಧಕ್ಕೆ ನಿಲ್ಲಿಸಿದ್ದೂ ಇತ್ತು. ಖಾಲಿ ಚೌಕದ ಮೇಲೆ ಬೆರಳಿಟ್ಟವನಿಗೆ ಮುಂದಿನ ಪುಟ ಕಾಣಲಿಲ್ಲ, ಕಣ್ಣು ತುಂಬಿತ್ತು.

"ಅರ್ಥವಾಗದಿದ್ದರೆ ಅಂದೇ ಕೇಳಬೇಕೆಂದು ನಾನೇ ಬರೆದಿದ್ದೆ," ಎಂದ. "ನಾನೇ ಕೇಳಲಿಲ್ಲ."

ಇಬ್ಬರೂ ಪ್ರಿನ್ಸಿಪಾಲರ ಮುಂದೆ ನಿಂತರು. ಅವರು ಕೆಟ್ಟವರಲ್ಲ. ಆದರೆ ನಿಯಮವನ್ನು ಹಲ್ಲುಕಚ್ಚಿ ಹಿಡಿಯುವ ಜಾತಿಯವರು. ಪುಸ್ತಕವನ್ನು ನೋಡಿದರು, ಮುಚ್ಚಿದರು.

"ಗೋಡೆಯಾಚೆ ಕೇಳಿಸಿಕೊಂಡದ್ದು ಹಾಜರಿ ಆಗುವುದಿಲ್ಲ. ಒಂದೇ ದಾರಿ. ಕರೆಯಬೇಕೆಂದು ಗೊತ್ತಿದ್ದೂ ಟ್ಯೂಟರ್ ಕರೆಯದಿದ್ದರೆ ಅದು ಕಾಲೇಜಿನ ತಪ್ಪು. ವಿಶ್ವವಿದ್ಯಾಲಯಕ್ಕೆ ಬರೆದು ಮನ್ನಾ ಕೇಳಬಹುದು. ಟ್ಯೂಟರ್‌ಗೆ ಗೊತ್ತಿರಲಿಲ್ಲ ಎಂದಾದರೆ, ಮೂರು ತಿಂಗಳು ದೂರು ಕೊಡದೆ ಕೂತದ್ದು ನಿನ್ನ ತಪ್ಪು." ಅವರು ತ್ರ್ಯಂಬಕನತ್ತ ತಿರುಗಿದರು. "ನಿಮಗೆ ಗೊತ್ತಿತ್ತೋ?"

"ಗೊತ್ತಿತ್ತು," ಎಂದ ತ್ರ್ಯಂಬಕ.

ದುರ್ಗಿ ಚಕ್ಕನೆ ಅವನ ಮುಖ ನೋಡಿದಳು. ಅವನು ನೇರ ಗೋಡೆಯನ್ನೇ ನೋಡುತ್ತಿದ್ದ.

"ಗೊತ್ತಿದ್ದೂ ಯಾಕೆ ಕರೆಯಲಿಲ್ಲ?"

"ನನ್ನ ಹೆಸರು ಉಳಿಸಿಕೊಳ್ಳುವುದಕ್ಕೆ. ಬೇಕೆಂದೇ ಕರೆಯಲಿಲ್ಲ."

"ಹಾಗೆಂದು ಬರೆದುಕೊಟ್ಟರೆ ನಿಮಗೆ ಇಲ್ಲಿ ಮಾತ್ರವಲ್ಲ, ಯಾವ ಕಾಲೇಜಿನಲ್ಲೂ ಜಾಗ ಸಿಗದು. ತಿಳಿದಿದೆಯೇ?"

"ತಿಳಿದಿದೆ. ಕಾಗದ ಕೊಡಿ."

ದುರ್ಗಿ ಸುಮ್ಮನಿದ್ದರೆ ಸಾಕಿತ್ತು. ಫಾರ್ಮು, ಪರೀಕ್ಷೆ, ಮುಂದಿನ ವರ್ಷಗಳು, ಹೊಲಿಗೆ ಬಿಟ್ಟು ಬೀಜಗಣಿತ ಕಲಿಯುವ ಹೆಣ್ಣುಮಕ್ಕಳು, ಎಲ್ಲವೂ ಅವಳ ಬಾಯಿಯ ಒಂದು ಬೀಗದ ಹಿಂದೆ ಇತ್ತು. ಅವನು ಪೆನ್ನಿನ ಮುಚ್ಚಳ ತೆಗೆದ.

"ಸುಳ್ಳು ಸರ್," ಎಂದಳು ಅವಳು. "ಇವ್ರಿಗೆ ಗೊತ್ತಿರ್ಲಿಲ್ಲ. ನಾನೇ ಕೇಳ್ಲಿಲ್ಲ. ತಪ್ಪು ನಂದು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಕರಿಹಲಗೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಅದು ನಿಜವೆಂದು ಈ ಕೋಣೆಯಲ್ಲಿ ಈಗಷ್ಟೇ ಇಬ್ಬರೂ ಸಾಕ್ಷಿ ಹೇಳಿದ್ದರು.

"ಪಟ್ಟಿ ಇದ್ದ ಹಾಗೇ ಇರಲಿ," ಎಂದರು ಕೊನೆಗೆ. "ತ್ರ್ಯಂಬಕ, ನೀವು ಏಪ್ರಿಲ್‌ವರೆಗೆ ಪಾಠ ಮುಗಿಸಿ ಹೊರಡಿ. ಇಲ್ಲಿ ಬೇಡ, ಬೇರೆ ಊರಿನ ಕಾಲೇಜಿಗೆ ಒಳ್ಳೆಯ ಪತ್ರ ಕೊಡುತ್ತೇನೆ."

ಮರುದಿನ ಮಧ್ಯಾಹ್ನ ದುರ್ಗಿ ಟ್ರಂಕು ಹಿಡಿದು ಹೊನ್ನಾವರದ ದೋಣಿ ದಕ್ಕೆಯಲ್ಲಿ ನಿಂತಿದ್ದಳು. ಅಪ್ಪನ ದೋಣಿ ಆಚೆ ದಡದಲ್ಲಿತ್ತು. ಜನ ತುಂಬಿ, ಬಿಟ್ಟು, ಇತ್ತ ಬರಲು ಇನ್ನೂ ಹೊತ್ತಿತ್ತು.

ಆಮೇಲೆ ಬಂದ ಬಸ್ಸಿನಿಂದ ತ್ರ್ಯಂಬಕ ಇಳಿದು ಬಂದ. ಮೈಯೆಲ್ಲ ಧೂಳಾಗಿತ್ತು. ಎರಡು ಮಾರು ದೂರದಲ್ಲಿ ನಿಂತ.

"ಯಾಕೆ ನಿಜ ಹೇಳಿದೆ?" ಎಂದ. ಮೊದಲ ಬಾರಿಗೆ ಅವನ ಬಾಯಲ್ಲಿ ಏಕವಚನ ಬಂತು.

"ನೀವ್ಯಾಕೆ ಸುಳ್ಳು ಹೇಳಿದ್ರಿ?"

"ನೀನು ಪರೀಕ್ಷೆಗೆ ಕೂರಬೇಕಿತ್ತು. ಅದಕ್ಕಿಂತ ದೊಡ್ಡದು ನನಗೆ ಏನೂ ಕಾಣಲಿಲ್ಲ."

"ನೀವು ಬೇಕಂತ ನನ್ನ ಹೊರಗಿಟ್ರಿ ಅಂತ ಒಂದು ಕಾಗದ ಲೋಕದಲ್ಲಿ ಇರೂದು ನಂಗೆ ಬೇಡಾಗಿತ್ತು." ಅವಳು ಟ್ರಂಕನ್ನು ನೆಲಕ್ಕಿಟ್ಟಳು. "ಮೂರು ತಿಂಗಳು ನಾನೇ ಹಾಗೆ ನಂಬಿದ್ದೆ. ಅದು ಎಷ್ಟು ಸುಡ್ತದೆ ನಂಗೊತ್ತು."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ದುರ್ಗೀ, ನಾನು ನಿನ್ನನ್ನು ಪ್ರೀತಿಸುತ್ತೇನೆ. ಭರತದ ನೀರಿನ ಮಾತು ಹೇಳಿದ ದಿನದಿಂದ. ಈಗ ದೋಣಿ ಬಂದ ಕೂಡಲೇ ನಿನ್ನ ಅಪ್ಪನ ಹತ್ತಿರ ಮಾತಾಡುತ್ತೇನೆ."

ಈ ಒಂದು ಮಾತಿಗಾಗಿ ಅವಳು ಹಲಗೆಗೆ ಕಿವಿಕೊಟ್ಟು ಎಷ್ಟು ದಿನ ಕೂತಿದ್ದಳು! ಈಗ ಅದು ಕೇಳಿತು, ಕೇಳಿಯೂ ಕೈಗೆ ಬರುವುದಿಲ್ಲ ಎನ್ನುವುದು ಅವಳಿಗೆ ಸ್ಪಷ್ಟವಾಗಿತ್ತು.

"ಎಂತ ಮಾತಾಡ್ತೀರಿ? ಗೋಕರ್ಣದ ಪೂಜೆ ಮನೆಯವ್ರು ದೋಣಿ ದಾಸನ ಮಗಳನ್ನ ಕೇಳೂಕೆ ಬಂದ್ರೆ ಅಪ್ಪ ಹೆದ್ರಿ ನಿಮ್ಮ ಕಾಲಿಗೆ ಬೀಳ್ತಾನೆ. ನಿಮ್ಗೆ ಮದುವೆಯಾಗ್ದ ಮೂರು ತಂಗೀರು ಅಂತ ಸಣ್ಣಮ್ಮ ಹೇಳಿದ್ಲು. ಅವ್ರನ್ನ ಆಮೇಲೆ ಯಾರು ಕೇಳ್ತ್ರು?"

 ಮುಂಬಯಿಯ ಓದು ಅವನಿಗೆ ಧೈರ್ಯ ಕೊಟ್ಟಿತ್ತು, ತಂಗಿಯರಿಗೆ ವರಗಳನ್ನು ಕೊಟ್ಟಿರಲಿಲ್ಲ.

"ಅಪ್ಪ ನಂಗೆ ಒಂದು ವರ್ಷ ಕೊಟ್ಟಿದ್ದ," ಎಂದಳು. "ಅದು ಮುಗೀತು. ಇನ್ನು ಭಟ್ಕಳದ ಗಂಡಿಗೆ ನನ್ನ ಕೊಡ್ತಾನೆ. ನಾನು ಮಾತಿಗೆ ತಪ್ಪೂದಿಲ್ಲ."

ನದಿಯಲ್ಲಿ ದೋಣಿ ಬಿಟ್ಟಿತ್ತು. ದಾಸನ ಮುಂಡಾಸು ಚುಕ್ಕೆಯಂತೆ ಕಂಡಿತು. ದುರ್ಗಿ ಬಾಗಿ ಟ್ರಂಕಿನ ಹಿಡಿ ಹಿಡಿದಳು. ಅವನು ಎತ್ತಿಕೊಡಲು ಬಂದ, ಅವಳು ಬೇಡವೆನ್ನಲಿಲ್ಲ. ಹಿಡಿಯ ಮೇಲೆ ಎರಡೂ ಕೈ ಒಂದು ಗಳಿಗೆ ಒಟ್ಟಿಗಿದ್ದವು.

"ಒಂದು ಕೇಳಲೇ?" ಎಂದ. "ಎಂಟು ತಿಂಗಳು ಸರ್, ಸರ್ ಎಂದೇ ಕರೆದೆ. ಒಂದು ಸಲ ನನ್ನ ಹೆಸರು ಹಿಡಿದು ಕರೆ. ಅಷ್ಟು ಸಾಕು ನನಗೆ."

ಅವಳು ತಲೆಯಾಡಿಸಿದಳು. "ಆಗೂದಿಲ್ಲ."

"ಇಷ್ಟೂ ಆಗುವುದಿಲ್ಲವೇ?"

"ನಮ್ಮ ಕೇರಿಯ ಹೆಂಗಸ್ರು ಆ ಒಬ್ರ ಹೆಸ್ರು ಬಾಯಿಬಿಟ್ಟು ಹೇಳೂದಿಲ್ಲ."

ಅವನಿಗೆ ತಿಳಿಯಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ನೀರಿನ ಕಡೆ ಮುಖ ತಿರುಗಿಸಿದ. ಅವನ ಹೆಗಲುಗಳು ಅಲುಗುತ್ತಿದ್ದವು. ದೋಣಿ ದಡಕ್ಕೆ ತಾಗಿತು. ಜನ ಇಳಿಯತೊಡಗಿದರು.

"ಮತ್ತೆ... ಭಟ್ಕಳದವರ ಹೆಸರು?" ಎಂದ ತಿರುಗದೆ.

"ಲಿಂಗಪ್ಪ," ಎಂದಳು ದುರ್ಗಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ದನಿ ಸರಾಗವಾಗಿತ್ತು. "ಲಿಂಗಪ್ಪ. ಅದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೆ ಸರ್."